ಸಿಹಿಯ ಸಂದೇಹಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೂಕ ಇಳಿಸಲು ಸಕ್ಕರೆ ಬಿಟ್ಟು ದಿನಕ್ಕೆ ಮೂರು ದೊಡ್ಡ ಚಮಚ ಜೇನುತುಪ್ಪ ಬಳಸುತ್ತಿದ್ದೇನೆ. ಸರಿಯೇ?

ಉತ್ತರ: ಚಮಚದ ಲೆಕ್ಕದಲ್ಲಿ ಬದಲಿಸಿದ್ದರೆ ತೂಕ ಏರಲೂಬಹುದು. ಒಂದು ದೊಡ್ಡ ಚಮಚ ಸಕ್ಕರೆ ಸುಮಾರು 12 ಗ್ರಾಂ ತೂಗುತ್ತದೆ, ಅದರಲ್ಲಿ 50 ಕ್ಯಾಲೊರಿಗಿಂತ ತುಸು ಕಡಿಮೆ. ಅದೇ ಚಮಚದ ಜೇನು 21 ಗ್ರಾಂ, 64 ಕ್ಯಾಲೊರಿ. ಜೇನಿನ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸಕ್ಕರೆಯೇ. ನಿಮ್ಮ ಮೂರು ಚಮಚದಲ್ಲಿ 50 ಗ್ರಾಂ ಸಕ್ಕರೆ ಆಯಿತು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ ಅಷ್ಟೇ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದು. ಈ ಲೆಕ್ಕದಲ್ಲಿ ಹಣ್ಣಿನ ರಸವೂ ಸೇರುತ್ತದೆ, ಇಡೀ ಹಣ್ಣು ಸೇರುವುದಿಲ್ಲ. ಇನ್ನೊಂದು ಮಾತು: ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು.

ಪ್ರಶ್ನೆ: ಕೇಕಿಗೆ 200 ಗ್ರಾಂ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿದೆ. ಸಿಹಿ ಸರಿಯಿತ್ತು, ಕೇಕ್ ಮಾತ್ರ ಚಪ್ಪಟೆಯಾಗಿ ರಬ್ಬರಿನಂತಾಯಿತು. ಏಕೆ?

ಉತ್ತರ: ಕೇಕಿನಲ್ಲಿ ಸಿಹಿ ಕೊಡುವುದು ಸಕ್ಕರೆಯ ಹಲವು ಕೆಲಸಗಳಲ್ಲಿ ಒಂದು. ಬೆಣ್ಣೆಯೊಡನೆ ಚೆನ್ನಾಗಿ ತಿರುವಿದಾಗ ಅದರ ಹರಳುಗಳು ಗಾಳಿಯನ್ನು ಒಳಗೆ ಸೇರಿಸುತ್ತವೆ. ಕೇಕ್ ಉಬ್ಬಲು ಆ ಗುಳ್ಳೆಗಳೇ ಆಧಾರ. ಸಕ್ಕರೆ ನೀರನ್ನು ಹಿಡಿದಿಡುತ್ತದೆ, ಹಾಗಾಗಿ ಹಿಟ್ಟಿನಲ್ಲಿ ಗ್ಲುಟೆನ್ (ಗೋಧಿಯ ಅಂಟು ಪ್ರೋಟೀನು) ಬಿಗಿಯಾಗುವುದಿಲ್ಲ, ಕೇಕ್ ಮರುದಿನವೂ ಒಣಗುವುದಿಲ್ಲ. ಮೇಲ್ಮೈಯ ಕಂದು ಬಣ್ಣಕ್ಕೂ ಅದು ಬೇಕು. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಎಂದರೆ 200 ಗ್ರಾಂ ಸಕ್ಕರೆಯ ಸಿಹಿಗೆ ಒಂದು ಗ್ರಾಮಿನ ಮೂರನೇ ಒಂದು ಭಾಗ ಸಾಕು. ಉಳಿದ ಗಾತ್ರವನ್ನು ತುಂಬುವವರು ಯಾರು? ಪುಡಿಯಾಗಿ ಸಿಗುವುದರಲ್ಲಿ ಹೆಚ್ಚಾಗಿ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆಸಿರುತ್ತಾರೆ, ಆದರೂ ತೂಕ ಬಲು ಹಗುರ.

ಮೊದಲು ಸಕ್ಕರೆಯನ್ನೇ 150 ಗ್ರಾಂಗೆ ಇಳಿಸಿ ನೋಡಿ. ಬಹುತೇಕ ಕೇಕುಗಳು ಇದನ್ನು ತಡೆದುಕೊಳ್ಳುತ್ತವೆ. ಬದಲಿ ಸಿಹಿ ಬೇಕೇ ಬೇಕೆಂದರೆ ಅರ್ಧ ಸಕ್ಕರೆ ಉಳಿಸಿಕೊಳ್ಳಿ, ಹೇಳಿದ ಸಮಯಕ್ಕಿಂತ ಐದಾರು ನಿಮಿಷ ಮುಂಚೆಯೇ ಕಡ್ಡಿ ಚುಚ್ಚಿ ಪರೀಕ್ಷಿಸಿ. ಆಸ್ಪರ್ಟೇಮ್ ಎಂಬ ಇನ್ನೊಂದು ಕೃತಕ ಸಿಹಿ ಮಾತ್ರ ಒಲೆಗೆ ಬೇಡ. ಬಿಸಿಗೆ ಅದು ಒಡೆದು ಸಿಹಿಯೇ ಹೋಗುತ್ತದೆ.

ಪ್ರಶ್ನೆ: ಆಸ್ಪರ್ಟೇಮ್ ಕ್ಯಾನ್ಸರ್ ತರುತ್ತದೆ ಎಂದು ಸಾಬೀತಾಗಿದೆಯಂತೆ?

ಉತ್ತರ: ಇಲ್ಲ. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ‘2ಬಿ’ ಗುಂಪಿಗೆ ಸೇರಿಸಿತು: ಸಾಧ್ಯತೆ ಇದೆ, ಪುರಾವೆ ಸೀಮಿತ. ಎಷ್ಟು ತಿಂದರೆ ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಅದೇ ಸಮಯದಲ್ಲಿ ಆಹಾರ ಸೇರ್ಪಡೆಗಳ ತಜ್ಞ ಸಮಿತಿ ಹಳೆಯ ಮಿತಿಯನ್ನೇ ಉಳಿಸಿತು: ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಇದು 2400 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200–300 ಇದ್ದರೆ ಎಂಟಕ್ಕೂ ಹೆಚ್ಚು ಕ್ಯಾನ್ ಬೇಕು. ಫಿನೈಲ್‌ಕೀಟೋನೂರಿಯಾ (ಫಿನೈಲಲನಿನ್ ಎಂಬ ಅಮೈನೊ ಆಮ್ಲವನ್ನು ದೇಹ ಸರಿಯಾಗಿ ಅರಗಿಸಿಕೊಳ್ಳದ ಹುಟ್ಟುಕಾಯಿಲೆ) ಇರುವವರು ಮಾತ್ರ ಇದನ್ನು ಪೂರ್ತಿ ಬಿಡಬೇಕು.

ಪ್ರಶ್ನೆ: ಸಿಹಿ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಎನ್ನುವುದು ನಿಜವೇ?

ಉತ್ತರ: ಯಾರಿಗೆ ಸಕ್ಕರೆ ಕೊಟ್ಟಿದೆ ಎಂಬುದನ್ನು ಮುಚ್ಚಿಟ್ಟು ನಡೆಸಿದ 23 ಪ್ರಯೋಗಗಳನ್ನು 1995ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ವರ್ತನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಹಲ್ಲಿನ ಬಗ್ಗೆ ಚಿಂತಿಸಿ, ಅಲ್ಲಿ ಸಕ್ಕರೆಯ ಹಾನಿ ನಿಜ.

ಪ್ರಶ್ನೆ: ಸಕ್ಕರೆರಹಿತ ಚ್ಯೂಯಿಂಗ್ ಗಮ್ ನಾಯಿ ತಿಂದರೆ?

ಉತ್ತರ: ಲಕ್ಷಣ ಕಾಣಲೆಂದು ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ, ಗಮ್ಮಿನ ಹೊದಿಕೆಯೂ ಜೊತೆಗಿರಲಿ. ಅದರಲ್ಲಿ ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಇದ್ದರೆ ನಾಯಿಯ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕಿ, ರಕ್ತದ ಸಕ್ಕರೆ ಅರ್ಧ ಗಂಟೆಯೊಳಗೆ ಕುಸಿಯಬಹುದು.