ಚಿಕ್ಕ ಫೋಟೋ ಸ್ಟುಡಿಯೋ ತೆರೆಯುವವರು ಮೊದಲು ಯಾವ ಪರದೆಗಳನ್ನು ಕೊಳ್ಳಬೇಕು?

ಕುಂಬಳೆಯ ಪೇಟೆಯಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೀರಿ. ಹಿನ್ನೆಲೆಗೆ ಐದಾರು ಮುದ್ರಿತ ಪರದೆಗಳು, ಎರಡು ಎಲ್‌ಇಡಿ ದೀಪಗಳು, ಚರ್ಮವನ್ನು ತಾನಾಗಿ ನಯಗೊಳಿಸುವ ಒಂದು ಸಾಫ್ಟ್‌ವೇರ್ ಕೊಳ್ಳುವ ಯೋಚನೆಯಲ್ಲಿದ್ದೀರಿ. ಬದಿಯಡ್ಕದಲ್ಲಿ ಸ್ಟುಡಿಯೋ ತೆರೆದಾಗ ನಾನು ಕೊಂಡದ್ದೂ ಹೆಚ್ಚುಕಡಿಮೆ ಇವನ್ನೇ, ದೀಪಗಳು ಮಾತ್ರ ಫ್ಲಾಶ್.

ಕುಟುಂಬದ ಚಿತ್ರಗಳಿಗೆ ಅಗಲ ಬೇಕೆಂದು ನಾನು ಪರದೆಗಳನ್ನು ಅಷ್ಟೇ ಅಗಲದ ನನ್ನ ಕೋಣೆಯ ಉದ್ದನೆಯ ಗೋಡೆಗೆ ತೂಗುಹಾಕಿದೆ. ಅದರಿಂದ ಪರದೆ, ಕುಳಿತವರು, ಕ್ಯಾಮರಾ, ಅದರ ಹಿಂದೆ ನಾನು, ಎಲ್ಲರೂ ಹತ್ತೇ ಅಡಿಯೊಳಗೆ ಸೇರಬೇಕಾಯಿತು. ಕುಳಿತವರ ಬೆನ್ನು ಪರದೆಗೆ ತಾಗುತ್ತಿತ್ತು. ಸಾಫ್ಟ್‌ಬಾಕ್ಸ್ (ಫ್ಲಾಶಿನ ಬೆಳಕನ್ನು ಹರಡಿ ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ) ಇಡಲು ಜಾಗವಿಲ್ಲದೆ ಎರಡು ಬದಿಗಳಿಂದಲೂ ಬರಿಯ ಫ್ಲಾಶನ್ನೇ ಹೊಡೆಯುತ್ತಿದ್ದೆ. ಪರದೆಯ ಮೇಲೆ ಎರಡೆರಡು ನೆರಳು, ಬೆವರಿದ ಹಣೆಯ ಮೇಲೆ ಬಿಳಿಯ ಹೊಳಪು, ವಯಸ್ಸಾದವರ ಮುಖದಲ್ಲಿ ಒಂದೊಂದು ಸುಕ್ಕಿಗೂ ಕಪ್ಪು ಗೆರೆ. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಸರಿಪಡಿಸುವುದೇ ನನ್ನ ರಾತ್ರಿಯ ಕೆಲಸವಾಗಿತ್ತು.

ನೀರ್ಚಾಲಿನ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ತಾಯಿಗೆ ಎಪ್ಪತ್ತು ತುಂಬಿದಾಗ ಅವರನ್ನು ಕರೆತಂದು ಚಿತ್ರ ತೆಗೆಸಿದರು. ಆ ಮುಖದ ಗೆರೆಗಳನ್ನು ಅಡಗಿಸಲು ನಾನು ಚಿತ್ರದ ಇನ್ನೊಂದು ಪ್ರತಿಯನ್ನು ಮೇಲಿನ ಲೇಯರಿನಲ್ಲಿಟ್ಟು (ಪದರದಲ್ಲಿಟ್ಟು), ಅದನ್ನು ಬ್ಲರ್ ಮಾಡಿ, ಕಣ್ಣು ಮತ್ತು ತುಟಿಗಳನ್ನಷ್ಟೇ ಸ್ಪಷ್ಟವಾಗಿ ಉಳಿಸಿಕೊಂಡೆ. ಕೆನ್ನೆ ಮೇಣದಂತಾಯಿತು. ಅವರ ಎಡಗೆನ್ನೆಯಲ್ಲಿ ಒಂದು ಮಚ್ಚೆಯಿತ್ತು. ಸುತ್ತಲಿನ ಚರ್ಮದಲ್ಲಿ ರಂಧ್ರ, ಗೆರೆ, ಬಣ್ಣದ ಏರಿಳಿತಗಳೆಲ್ಲ ಇದ್ದಾಗ ಅದು ಆ ಮುಖಕ್ಕೆ ಸೇರಿದ್ದಾಗಿಯೇ ಕಾಣುತ್ತಿತ್ತು. ಅವೆಲ್ಲ ಅಳಿದ ಮೇಲೆ ಅದೊಂದೇ ಕಲೆಯಂತೆ ಎದ್ದು ಕಂಡಿತು, ಮತ್ತು ನಾನು ಕಲೆಗಳನ್ನು ಅಳಿಸುವ ಹೀಲಿಂಗ್ ಬ್ರಷ್‌ನಿಂದ ಅದನ್ನೂ ತೆಗೆದುಬಿಟ್ಟೆ. ನಯಗೊಳಿಸುವ ಕೆಲಸದ ಅಪಾಯವಿರುವುದು ಇಲ್ಲಿಯೇ: ಒಂದು ಸುಳ್ಳನ್ನು ಸೇರಿಸಿದ ಕೂಡಲೇ ಅದರ ಪಕ್ಕದ ನಿಜ ದೋಷವಾಗಿ ಕಾಣತೊಡಗುತ್ತದೆ. ಆಮೇಲೆ ಲೇಯರುಗಳನ್ನು ಒಂದಾಗಿಸಿ, ಮೂಲ ಜೆಪೆಗ್ ಫೈಲಿನ ಹೆಸರಿನಲ್ಲೇ ಉಳಿಸಿದೆ; ಮೂಲ ಅದರಡಿ ಅಳಿದುಹೋಯಿತು. ರಾ ಫೈಲುಗಳಿಗೆ (ಕ್ಯಾಮರಾ ಹಿಡಿದ ಎಲ್ಲ ವಿವರವನ್ನೂ ಸಂಸ್ಕರಿಸದೆ ಇಡುವ ಫೈಲುಗಳಿಗೆ) ಜಾಗ ಹೆಚ್ಚು ಬೇಕೆಂದು ನಾನು ಚಿತ್ರಗಳನ್ನು ಆ ರೂಪದಲ್ಲಿ ಸೆರೆಹಿಡಿಯುತ್ತಲೇ ಇರಲಿಲ್ಲ. ಕ್ಯಾಮರಾದ ಕಾರ್ಡು ಮುಂದಿನ ಮದುವೆಗಾಗಿ ಖಾಲಿಯಾಯಿತು.

ಆ ತಾಯಿ ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ದಿನ ಇಡಲು ಅದೇ ಚಿತ್ರವನ್ನು ದೊಡ್ಡದು ಮಾಡಿಸಲು ಮಗ ಬಂದರು. 12x18 ಇಂಚಿನ ಪ್ರತಿಯನ್ನು ಕೈಗೆತ್ತಿಕೊಂಡು, "ಅಮ್ಮನ ಮಚ್ಚೆ ಎಲ್ಲಿ?" ಎಂದಷ್ಟೇ ಕೇಳಿದರು. ಮೂಲ ಚಿತ್ರ ಎಲ್ಲಿಯೂ ಉಳಿದಿರಲಿಲ್ಲ. ಬ್ರಷ್‌ನಿಂದ ಒಂದು ಚುಕ್ಕೆ ಬರೆದು ತೋರಿಸಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಯಾವುದೋ ಮದುವೆಯ ಗುಂಪುಚಿತ್ರದಿಂದ ಅವರ ಮಸುಕಾದ ಮುಖವನ್ನು ಬೇರ್ಪಡಿಸಿ ಬೇರೆ ಕಡೆ ಚೌಕಟ್ಟು ಹಾಕಿಸಿದರು. ಆ ಮನೆಯ, ಅವರ ನೆಂಟರಿಷ್ಟರ ಉಪನಯನ, ಮದುವೆಗಳ ಕೆಲಸ ಮತ್ತೆ ನನಗೆ ಬರಲಿಲ್ಲ.

ಸಾಫ್ಟ್‌ವೇರನ್ನು ದೂರಿ ನಾನು ಇದನ್ನು ಬರೆಯುತ್ತಿಲ್ಲ. ಬೆಳಕು ಸರಿಯಿದ್ದಿದ್ದರೆ ಆ ಮುಖವನ್ನು ಅಷ್ಟು ತಿದ್ದುವ ಅಗತ್ಯವೇ ಬರುತ್ತಿರಲಿಲ್ಲ, ಮತ್ತು ಬೆಳಕು ಕೆಟ್ಟದ್ದು ಪರದೆಗಳನ್ನು ತಪ್ಪು ಗೋಡೆಗೆ ಹಾಕಿದ್ದರಿಂದ. ಆದುದರಿಂದ ಯಾವ ಪರದೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸದ್ಯ ಯಾವುದೂ ಬೇಡ. 10 ಅಡಿಯ ಗೋಡೆಗೆ ಹೊಳಪಿಲ್ಲದ ನಡುಬೂದು ಬಣ್ಣ ಬಳಿಸಿ, 14 ಅಡಿಯ ಉದ್ದವನ್ನು ಆಳವಾಗಿ ಬಳಸಿ. ಗೋಡೆಯಿಂದ 5 ಅಡಿ ಮುಂದೆ ಗಿರಾಕಿ, ಅಲ್ಲಿಂದ 6 ಅಡಿಗೆ ಕ್ಯಾಮರಾ, ಉಳಿದ 3 ಅಡಿ ನಿಮಗೆ. ಕ್ಯಾಮರಾ ಇದಕ್ಕಿಂತ ತುಂಬಾ ಹತ್ತಿರ ಬಂದರೆ ಮೂಗು ದೊಡ್ಡದಾಗಿ, ಕಿವಿಗಳು ಸಣ್ಣದಾಗಿ ಕಾಣುತ್ತವೆ.

ಈ ದೂರದಿಂದಲೇ ಒಂದು ಗೋಡೆ ಹಲವು ಪರದೆಗಳ ಕೆಲಸ ಮಾಡುತ್ತದೆ. ಬೆಳಕಿನ ಮೂಲದಿಂದ ದೂರ ಇಮ್ಮಡಿಯಾದರೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ದೀಪ ಮುಖಕ್ಕೆ 3 ಅಡಿಯಲ್ಲಿದ್ದು ಗೋಡೆ ಮುಖದ ಹಿಂದೆ 5 ಅಡಿಯಲ್ಲಿದ್ದರೆ, ಗೋಡೆಗೆ ತಲುಪುವುದು ಮುಖಕ್ಕೆ ಬಿದ್ದುದರ ಸುಮಾರು ಏಳನೇ ಒಂದು ಪಾಲು. ಬೂದು ಬಣ್ಣ ಕಪ್ಪಿನ ಹತ್ತಿರಕ್ಕೆ ಹೋಗುತ್ತದೆ. ದೀಪವನ್ನು ಹಿಂದಕ್ಕೆ ಸರಿಸಿದರೆ ಅದೇ ಗೋಡೆ ಬೂದಾಗಿಯೇ ಉಳಿಯುತ್ತದೆ, ಅದಕ್ಕೆ ಬೇರೆಯೇ ಒಂದು ಫ್ಲಾಶ್ ಕೊಟ್ಟರೆ ಬೆಳ್ಳಗಾಗುತ್ತದೆ. ಮುದ್ರಿತ ಫ್ಲೆಕ್ಸ್ ಪರದೆಗಳಾದರೋ ಫ್ಲಾಶ್ ಬಿದ್ದಲ್ಲೆಲ್ಲ ಮಿನುಗುತ್ತವೆ. ಕಾಗದದ ರೋಲು ಸಮತಟ್ಟಾಗಿ ಚೆಂದವಾಗಿರುತ್ತದೆಯಾದರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿ ಅಲೆಯಲೆಯಾಗುತ್ತದೆ, ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್ ಚಿತ್ರಗಳಿಗೆ ಮಾತ್ರ 1.35 ಮೀಟರಿನ ಬಿಳಿ ರೋಲೊಂದನ್ನು ಸುತ್ತಿಟ್ಟುಕೊಳ್ಳಿ. ಅಲ್ಲಿ ಹಿನ್ನೆಲೆಯಲ್ಲಿ ನೆರಳು ಇರಬಾರದು, ಮುಖವನ್ನು ತಿದ್ದಲೂಬಾರದು.

ಎರಡು ಅಗ್ಗದ ಎಲ್‌ಇಡಿಗಳ ಬದಲು ಒಂದು ಸ್ಟುಡಿಯೋ ಫ್ಲಾಶ್ ಮತ್ತು 3 ಅಡಿಯ ಸಾಫ್ಟ್‌ಬಾಕ್ಸ್ ಕೊಳ್ಳಿ. ಸಾಫ್ಟ್‌ಬಾಕ್ಸ್ ತನ್ನ ಅಗಲದಷ್ಟೇ ದೂರದಲ್ಲಿದ್ದಾಗ ಮುಖಕ್ಕೆ ಅದು ದೊಡ್ಡ ಕಿಟಕಿಯ ಬೆಳಕನ್ನು ಕೊಡುತ್ತದೆ. ಅದನ್ನೇ 10 ಅಡಿ ದೂರವಿಟ್ಟರೆ ಮತ್ತೆ ಹರಿತವಾದ ನೆರಳು. ಇನ್ನೊಂದು ಬದಿಗೆ ಬಿಳಿಯ ಥರ್ಮೋಕೋಲ್ ಹಲಗೆ ಸಾಕು. ಉಳಿದ ಗೋಡೆಗಳು ಹಸಿರೋ ಗುಲಾಬಿಯೋ ಆಗಿದ್ದರೆ ಬಿಳಿ ಮಾಡಿಸಿ, ಇಲ್ಲವಾದರೆ ಆ ಬಣ್ಣ ಚರ್ಮಕ್ಕೂ ಹತ್ತುತ್ತದೆ. ಚಿತ್ರ ತೆಗೆಯುವ ಮುನ್ನ ಹಣೆ ಮೂಗುಗಳ ಬೆವರನ್ನು ಟಿಶ್ಯೂ ಒತ್ತಿ ತೆಗೆಯಿರಿ. ಆ ಹೊಳಪಿನಲ್ಲಿ ಕಳೆದುಹೋದ ಚರ್ಮದ ವಿವರ ಆಮೇಲೆ ಮರಳಿ ಬರುವುದಿಲ್ಲ.

ತಿದ್ದುಪಡಿಗೆ ನಾನಿಂದು ಪಾಲಿಸುವ ನಿಯಮ ಕಟ್ಟುನಿಟ್ಟಿನದು. ಮೊಡವೆ, ಸೊಳ್ಳೆ ಕಡಿದ ಗುರುತು ಮುಂತಾಗಿ ಎರಡು ವಾರಗಳಲ್ಲಿ ತಾನಾಗಿ ಮಾಯುವುದನ್ನು ತೆಗೆಯುತ್ತೇನೆ. ಮಚ್ಚೆ, ಗಾಯದ ಗುರುತು, ಸುಕ್ಕುಗಳನ್ನು ಅವರಾಗಿ ಕೇಳದೆ ಮುಟ್ಟುವುದಿಲ್ಲ, ಕೇಳಿದರೂ ಬೇರೆ ಲೇಯರಿನಲ್ಲಿ ಮಾಡಿ ಮೂಲವನ್ನು ಎರಡು ಡಿಸ್ಕುಗಳಲ್ಲಿ ಇಟ್ಟುಕೊಳ್ಳುತ್ತೇನೆ. ವಧೂವರಾನ್ವೇಷಣೆಯ ಚಿತ್ರಗಳಲ್ಲಿ ಹುಡುಗಿಯನ್ನು ಬೆಳ್ಳಗೆ ಮಾಡಿಕೊಡಿ ಎಂದು ಬರುವವರಿಗೆ ಆಗುವುದಿಲ್ಲ ಎನ್ನುತ್ತೇನೆ. ನೀವೂ ಹಾಗೆಯೇ ಹೇಳಬೇಕೆಂಬುದು ನನ್ನ ಅಭಿಪ್ರಾಯ. ನಯಗೊಳಿಸುವ ಸಾಫ್ಟ್‌ವೇರಿಗೆ ತೆಗೆದಿಟ್ಟ ಹಣದಲ್ಲಿ ಆ ಡಿಸ್ಕುಗಳನ್ನೂ, ಜೂನ್ ತಿಂಗಳಿಗೆ ಮುನ್ನ ಲೆನ್ಸುಗಳಿಗೆ ಫಂಗಸ್ ಹಿಡಿಯದಂತೆ ಗಾಳಿಯಾಡದ ಒಂದು ಡಬ್ಬಿಯನ್ನೂ ತೇವ ಹೀರುವ ಸಿಲಿಕಾ ಜೆಲ್ಲನ್ನೂ ತೆಗೆದುಕೊಳ್ಳಿ.