ಪ್ರಶ್ನೋತ್ತರ: ಪರದೆಯಲ್ಲಿ ಮುಖ ಕಾಣದ ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಹತ್ತನೆಯ ತರಗತಿಯ 28 ಮಕ್ಕಳಿಗೆ ರಾತ್ರಿ ಎಂಟಕ್ಕೆ ಜೂಮ್‌ನಲ್ಲಿ ಪಾಠ ಮಾಡುತ್ತೇನೆ. ತಂದೆ ಲಿಂಬೆ ತೋಟದಿಂದ ಮನೆಗೆ ಬಂದ ಮೇಲಷ್ಟೇ ಮೊಬೈಲ್ ಮಕ್ಕಳ ಕೈಗೆ ಸಿಗುವುದರಿಂದ ಈ ಹೊತ್ತು. ಕ್ಯಾಮೆರಾ ಯಾರೂ ಹಾಕುವುದಿಲ್ಲ. ‘ತಿಳೀತೇನು?’ ಎಂದರೆ ‘ಹೂಂ ರೀ ಸರ್’ ಎನ್ನುತ್ತಾರೆ. ಮರುದಿನ ಶಾಲೆಯಲ್ಲಿ ಅದೇ ಲೆಕ್ಕ ಕೊಟ್ಟರೆ ಅರ್ಧ ಮಕ್ಕಳಿಗೆ ಬರುವುದಿಲ್ಲ. ಹದಿನಾರು ವರ್ಷ ಕರಿಹಲಗೆಯ ಮುಂದೆ ನಿಂತವನು ಹೊಸದಾಗಿ ಏನನ್ನು ಕಲಿಯಬೇಕು?

ಉತ್ತರ: ಶಾಲೆಯಲ್ಲಿ ‘ತಿಳೀತೇನು’ ಎಂದು ಕೇಳಿದ ಬಳಿಕ ತಾವು ಉತ್ತರವನ್ನು ಕಣ್ಣಿನಿಂದ ಪಡೆಯುತ್ತಿದ್ದಿರಿ. ಹಿಂದಿನ ಬೆಂಚಿನ ಹುಡುಗ ಪೆನ್ನು ಕಚ್ಚುತ್ತಿದ್ದರೆ, ಒಬ್ಬಳು ಪಕ್ಕದವಳ ನೋಟ್‌ಬುಕ್ಕಿಗೆ ಇಣುಕುತ್ತಿದ್ದರೆ, ಒಕ್ಕೊರಲಿನ ‘ಹೂಂ’ ನಂಬದೆ ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದಿರಿ. ಪರದೆಯ ಮೇಲೆ ಆ ಸುಳಿವು ಸಿಗುವುದಿಲ್ಲವಾದ್ದರಿಂದ ಆ ಪ್ರಶ್ನೆಯನ್ನೇ ಕೈಬಿಡಿ. ತಪ್ಪು ಉತ್ತರ ಬಂದರೂ ತಪ್ಪು ಎಲ್ಲಿದೆಯೆಂದು ತಮಗೆ ಹೊಳೆಯುವಂಥ ಸಣ್ಣ ಪ್ರಶ್ನೆಯನ್ನು ಕೇಳಿ.

ವರ್ಗಸಮೀಕರಣದ ಅಪವರ್ತನ ಕಲಿಸುತ್ತಿದ್ದೀರಿ ಎನ್ನೋಣ. ‘ಗುಣಲಬ್ಧ 6, ಮೊತ್ತ ಮೈನಸ್ 5 ಬರುವ ಎರಡು ಸಂಖ್ಯೆ ಬರೆಯಿರಿ’ ಎನ್ನಿ. 2 ಮತ್ತು 3 ಎಂದು ಬರೆದವರು ಚಿಹ್ನೆಯನ್ನು ಮರೆತಿದ್ದಾರೆ. ಮೈನಸ್ 6 ಮತ್ತು 1 ಎಂದವರು ಮೊತ್ತವನ್ನು ಹೊಂದಿಸುವ ಭರದಲ್ಲಿ ಗುಣಲಬ್ಧವನ್ನು ನೋಡಿಲ್ಲ. ಎರಡೂ ತಪ್ಪೇ, ಆದರೆ ಎರಡಕ್ಕೂ ಮದ್ದು ಬೇರೆ. ಉತ್ತರವನ್ನು ಎಲ್ಲರೂ ಚಾಟ್‌ನಲ್ಲಿ ಬರೆದಿಟ್ಟುಕೊಂಡು, ತಾವು ‘ಈಗ ಕಳಿಸಿ’ ಎಂದ ಮೇಲೆಯೇ ಕಳಿಸಲಿ. ಇಲ್ಲವಾದರೆ ಜಾಣನೊಬ್ಬನ ಉತ್ತರ ಮೊದಲು ಬಂದು ಉಳಿದ 27 ಅದರ ನಕಲಾಗುತ್ತವೆ. ಚಾಟ್ ತಮಗೊಬ್ಬರಿಗೇ ಕಾಣುವಂತೆ ಮಾಡುವ ಆಯ್ಕೆಯೂ ಜೂಮ್‌ನಲ್ಲಿದೆ. ತಪ್ಪು ಬರೆದು ನಗೆಪಾಟಲಾಗುವ ಅಂಜಿಕೆ ಇರುವ ಮಕ್ಕಳಿಗೆ ಅದೇ ಲೇಸು.

ಇದಕ್ಕಿಂತ ಕಷ್ಟದ್ದು ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಮತ್ತು ಬಾಯಿ ಬಿಡದವರ ಸಂಖ್ಯೆ ಇಳಿಯುತ್ತದೆ ಎಂದು ತೋರಿಸಿದರು. ಅದು ಎದುರುಬದುರು ಕುಳಿತ ತರಗತಿಯ ಮಾತು. ಧ್ವನಿ ತಡವಾಗಿ ತಲುಪುವ, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಬೇಕಾದ ತರಗತಿಯಲ್ಲಿ ತಾವು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಬೇಕು. ಮಾತೇ ಕಸುಬಾದ ನಮ್ಮಂಥವರಿಗೆ ಆ ಮೌನ ಸಹಿಸುವುದು ಸುಲಭವಲ್ಲ, ಬಲ್ಲೆ. ಆದರೂ ನಡುವೆ ಬಾಯಿ ಹಾಕಬೇಡಿ.

ಕ್ಯಾಮೆರಾ ಹಾಕಿರೆಂದು ಮಕ್ಕಳನ್ನು ಒತ್ತಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಗುಂಪಿನ ವಿಡಿಯೊ ಕರೆಗೆ ತಾಸಿಗೆ 1 ಜಿಬಿ ಆಸುಪಾಸು ಡೇಟಾ ಖರ್ಚಾಗಬಹುದು, ಮೇಲಾಗಿ ಮನೆಯೊಳಗನ್ನು ಇಡೀ ತರಗತಿಗೆ ತೋರಿಸಲು ಎಲ್ಲ ಮಕ್ಕಳಿಗೂ ಮನಸ್ಸಿರುವುದಿಲ್ಲ. ತಮ್ಮ ಕ್ಯಾಮೆರಾವನ್ನು ಮಾತ್ರ ಮುಖದಿಂದ ಹಾಳೆಯ ಕಡೆಗೆ ತಿರುಗಿಸಿ. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಅಡ್ಡಪಟ್ಟಿ ಇಟ್ಟು, ಹಿಂಬದಿಯ ಕ್ಯಾಮೆರಾ ಪಟ್ಟಿಯಿಂದ ಆಚೆ ಬಂದು ಕೆಳಗೆ ನೋಡುವಂತೆ ಅದರ ಮೇಲೆ ಮೊಬೈಲನ್ನು ಮಲಗಿಸಿ, ಅಡಿಯ ಹಾಳೆಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಿರಿ. ಮಕ್ಕಳು ನೋಡುವುದು ಅಂಗೈ ಅಗಲದ ಪರದೆಯಲ್ಲಾದ್ದರಿಂದ ಒಂದು ಹಾಳೆಗೆ ನಾಲ್ಕೈದು ಸಾಲು ಸಾಕು. ಲ್ಯಾಪ್‌ಟಾಪೂ ಜೊತೆಗಿದ್ದರೆ ಎರಡರಲ್ಲಿ ಒಂದರ ಮೈಕು ಮತ್ತು ಸ್ಪೀಕರ್ ಬಂದ್ ಮಾಡಿ, ಇಲ್ಲದಿದ್ದರೆ ಮಾತು ಮಾರ್ದನಿಸುತ್ತದೆ. ಉಚಿತ ಜೂಮ್ 40 ನಿಮಿಷಕ್ಕೆ ನಿಲ್ಲುವುದನ್ನು ಶಾಪವೆಂದು ತಿಳಿಯಬೇಡಿ, ಇಂಥ ಪಾಠಕ್ಕೆ ಅಷ್ಟು ಹೊತ್ತು ಧಾರಾಳ.

ಉತ್ತರ ಕಳಿಸದವರ ಹೆಸರನ್ನು ಆಗಲೇ ಗುರುತು ಹಾಕಿಕೊಳ್ಳಿ. ಅವರು ಮರುದಿನ ಪ್ರಾರ್ಥನೆಗೆ ತಮ್ಮೆದುರೇ ನಿಲ್ಲುತ್ತಾರಲ್ಲ, ದೂರದ ಊರಿನ ಮಕ್ಕಳಿಗೆ ಕಲಿಸುವವರಿಗೆ ಆ ಅನುಕೂಲವಿಲ್ಲ.

ಪ್ರಶ್ನೆ: ಬೆಳಗಾವಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ ನಾನು. ಎರಡು ತಾಸು ಆನ್‌ಲೈನ್ ಪಾಠ ಮಾಡಿದರೆ ಇಡೀ ದಿನ ತರಗತಿಯಲ್ಲಿ ನಿಂತಷ್ಟು ದಣಿವಾಗುತ್ತದೆ. ಏಕೆ?

ಉತ್ತರ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ದಣಿವನ್ನು ಕುರಿತು ಬರೆದಾಗ, ಇಡೀ ಹೊತ್ತು ಪರದೆಯಲ್ಲಿ ನಮ್ಮದೇ ಮುಖ ನೋಡುತ್ತಿರುವುದನ್ನೂ ಒಂದೇ ಜಾಗದಲ್ಲಿ ಅಲುಗಾಡದೆ ಕೂರುವುದನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಿದ್ದರು. ತಮ್ಮ ಚಿತ್ರ ತಮಗೆ ಕಾಣದಂತೆ ಮರೆಮಾಡುವ ಆಯ್ಕೆ ಜೂಮ್‌ನಲ್ಲಿದೆ, ಮೊದಲು ಅದನ್ನು ಬಳಸಿ. ನಂತರ ಕುರ್ಚಿಯನ್ನು ಸರಿಸಿ, ಲ್ಯಾಪ್‌ಟಾಪನ್ನು ಎದೆಯೆತ್ತರದ ಕಪಾಟಿನ ಮೇಲಿಟ್ಟು, ತರಗತಿಯಲ್ಲಿ ನಿಲ್ಲುವಂತೆಯೇ ನಿಂತು ಪಾಠ ಮಾಡಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಮಾಡಬೇಡಿ.