ಹಿತ್ತಿಲ ಕೋಳಿಗಳ ಮೇಲು-ಕೀಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಿತ್ತಿಲಿನಲ್ಲಿ ಐದು ಹೇಂಟೆಗಳು ಎರಡು ವರ್ಷಗಳಿಂದ ಜಗಳವಿಲ್ಲದೆ ಬಾಳಿಕೊಂಡಿದ್ದವು. ಈಚೆಗೆ ಎರಡು ಯಾಟೆಗಳನ್ನು (ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆಗಳನ್ನು) ತಂದು ಅವುಗಳ ಜೊತೆ ಬಿಟ್ಟೆವು. ಅಂದಿನಿಂದ ಹಳೆಯ ಕೋಳಿಗಳು ಇವನ್ನು ಮೇವಿನ ತಟ್ಟೆಯ ಹತ್ತಿರ ಸುಳಿಯಗೊಡುತ್ತಿಲ್ಲ. ತಲೆಯ ಮೇಲೆಯೇ ಕುಕ್ಕಿ ಅಟ್ಟುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವ ಹೇಂಟೆಯನ್ನು ಬೇರೆ ಮಾಡಿದರೆ ಜಗಳ ನಿಲ್ಲುತ್ತದೆಯೇ?

ಉತ್ತರ: ಎರಡು ವರ್ಷ ಜಗಳವೇ ಇರಲಿಲ್ಲ ಎನ್ನುವುದಕ್ಕಿಂತ, ಆ ಐದರ ಜಗಳ ಎಂದೋ ತೀರಿಹೋಗಿತ್ತು ಎನ್ನುವುದು ಹೆಚ್ಚು ಸರಿ. ಯಾವುದು ಯಾವುದನ್ನು ಕುಕ್ಕಬಹುದು, ಯಾವುದಕ್ಕೆ ದಾರಿ ಬಿಡಬೇಕು ಎಂಬುದು ಒಮ್ಮೆ ಇತ್ಯರ್ಥವಾದರೆ, ಆಮೇಲೆ ಮೇಲಿನ ಹೇಂಟೆ ಕತ್ತು ನಿಮಿರಿಸಿ ಒಂದು ಹೆಜ್ಜೆ ಮುಂದಿಟ್ಟರೂ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದಿದ್ದ ನಾರ್ವೆಯ ತೊರ್ಲೀಫ್ ಶೆಲ್ಡರಪ್-ಎಬ್ಬೆ 1921ರಲ್ಲಿ ಈ ಶ್ರೇಣಿಯನ್ನು ವಿವರಿಸಿದರು. ಅದು ಯಾವಾಗಲೂ ನೇರವಾದ ಏಣಿಯಂತಿರುವುದಿಲ್ಲ ಎಂಬುದನ್ನೂ ಅವರೇ ಗುರುತಿಸಿದ್ದರು: ಒಂದನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕುಕ್ಕುತ್ತಿರುವಾಗ, ಆ ಮೂರನೆಯದು ಒಂದನೆಯದನ್ನೇ ಅಟ್ಟಿಸಿಕೊಂಡು ಹೋಗುವುದೂ ಉಂಟು.

ನಿಮ್ಮ ಎರಡು ಯಾಟೆಗಳಿಗೆ ಈ ಏರ್ಪಾಡಿನಲ್ಲಿ ಇನ್ನೂ ಜಾಗವಿಲ್ಲ. ಕೋಳಿಗಳು ಪರಸ್ಪರ ಗುರುತು ಹಿಡಿಯುವುದು ಮುಖ್ಯವಾಗಿ ತಲೆ ಮತ್ತು ಜುಟ್ಟನ್ನು ನೋಡಿ. ಗುರುತಿಲ್ಲದ ಮುಖ ಕಂಡಾಗ ಅದು ತನಗಿಂತ ಮೇಲೋ ಕೆಳಗೋ ಎಂಬುದನ್ನು ಕೊಕ್ಕಿನಿಂದಲೇ ತೀರ್ಮಾನಿಸಿಕೊಳ್ಳುತ್ತವೆ. ಹಾಗಾಗಿ ಕಾಟ ಕೊಡುವ ಒಂದನ್ನು ತೆಗೆದರೆ ಆ ಕೆಲಸವನ್ನು ಅದರ ಕೆಳಗಿನದು ಕೈಗೆತ್ತಿಕೊಳ್ಳುತ್ತದೆಯೇ ಹೊರತು ಜಗಳ ನಿಲ್ಲುವುದಿಲ್ಲ. ಯಾವುದೋ ಒಂದು ಹೇಂಟೆ ವಾರಗಳು ಕಳೆದರೂ ಬಿಡದೆ ಹಿಂಸಿಸುತ್ತಿದ್ದರೆ ಮಾತ್ರ ಅದನ್ನು ಕೆಲವು ದಿನ ಗುಂಪಿನ ಕಣ್ಣಿಗೆ ಬೀಳದಂತೆ ಇರಿಸಿ ನೋಡಬಹುದು. ಮರಳಿ ಬಂದಾಗ ಅದು ಸಾಮಾನ್ಯವಾಗಿ ತನ್ನ ಹಳೆಯ ಸ್ಥಾನಕ್ಕಾಗಿ ಮತ್ತೆ ಹೋರಾಡಬೇಕಾಗುತ್ತದೆ, ಅಷ್ಟರಲ್ಲಿ ಉಳಿದವು ಹೊಂದಿಕೊಂಡಿರುತ್ತವೆ.

ಸದ್ಯಕ್ಕೆ ಯಾಟೆಗಳನ್ನು ಅದೇ ಅಂಗಳದಲ್ಲಿ ತಂತಿಬಲೆಯ ಆಚೆಗೆ ಇರಿಸಿ, ಬಲೆಯ ಎರಡೂ ಬದಿಗೆ ಹತ್ತಿರ ಹತ್ತಿರವಾಗಿ ಮೇವು ಹಾಕಿ. ನೋಡಬಹುದು, ಮುಟ್ಟಲಾಗದು ಎಂಬ ಈ ಸ್ಥಿತಿ ಒಂದೆರಡು ವಾರ ಮುಂದುವರಿದರೆ ಹಳೆಯವಕ್ಕೆ ಇವುಗಳ ಇರವು ರೂಢಿಯಾಗುತ್ತದೆ. ನಂತರ ಒಟ್ಟಿಗೆ ಬಿಡುವಾಗ ಮೇವಿನ ಮತ್ತು ನೀರಿನ ಪಾತ್ರೆಗಳನ್ನು ಕನಿಷ್ಠ ಎರಡೆರಡು ಕಡೆ, ಒಂದರಿಂದ ಇನ್ನೊಂದು ಕಾಣದ ಹಾಗೆ ಇಡಿ. ಓಡಿಹೋಗಿ ಮರೆಯಾಗಲು ಒಂದು ಹಲಗೆಯನ್ನೋ ಸೌದೆಯ ರಾಶಿಯನ್ನೋ ಒದಗಿಸಿ. ಆದರೆ ಆ ಮರೆ ಒಂದೇ ಬಾಗಿಲಿನ ಮೂಲೆಯಾಗಿರಬಾರದು, ಏಕೆಂದರೆ ಹೊರಬರುವ ದಾರಿಯಿಲ್ಲದ ಕಡೆ ಸಿಕ್ಕಿಬಿದ್ದ ಯಾಟೆಗೆ ತಪ್ಪಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಒಂದನ್ನೇ ತರದೆ ಎರಡನ್ನು ತಂದದ್ದು ಒಳ್ಳೆಯದೇ ಆಯಿತು, ಪೆಟ್ಟೂ ಹಂಚಿಹೋಗುತ್ತದೆ, ಜೊತೆಯೂ ಇರುತ್ತದೆ. ಇನ್ನು ಮುಂದೆ ಹೊಸ ಕೋಳಿ ತಂದರೆ ರೋಗದ ಭಯಕ್ಕಾದರೂ ಮೊದಲ ಎರಡರಿಂದ ನಾಲ್ಕು ವಾರ ಪೂರ್ತಿ ದೂರವಿಡಿ.

ಇನ್ನೊಂದು ಜಗಳದ ಹೊತ್ತು ಸಂಜೆ, ಗೂಡಿಗೆ ಹತ್ತುವಾಗ. ರಾತ್ರಿ ಕೂರುವ ಕೋಲುಗಳಲ್ಲಿ ಎತ್ತರದ ಅಡ್ಡೆ ಮೇಲಿನವುಗಳ ಪಾಲು. ಒಂದೊಂದಕ್ಕೆ 20ರಿಂದ 25 ಸೆಂಟಿಮೀಟರ್ ಜಾಗ ಸಿಗುವಷ್ಟು ಉದ್ದದ ಅಡ್ಡೆಗಳನ್ನು ಒಂದೇ ಎತ್ತರದಲ್ಲಿ ಕಟ್ಟಿದರೆ ನೂಕಾಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಯಾಟೆಗಳ ಮಸುಕು ಬಣ್ಣದ ಸಣ್ಣ ಜುಟ್ಟು ಮೊಟ್ಟೆಗೆ ಬರುವ ಹೊತ್ತಿಗೆ ದೊಡ್ಡದಾಗಿ ಕೆಂಪೇರುತ್ತದೆ. ಆಗ ಅವು ತಿರುಗಿ ನಿಂತು ಇನ್ನೊಂದು ಸುತ್ತಿನ ಕಾದಾಟ ನಡೆದರೆ ಗಾಬರಿಪಡಬೇಡಿ. ರಕ್ತ ಕಂಡರೆ ಮಾತ್ರ ತಡಮಾಡದೆ ಗಾಯಗೊಂಡದ್ದನ್ನು ಎತ್ತಿಕೊಳ್ಳಿ. ಕೆಂಪು ಕಂಡ ಕಡೆ ಎಲ್ಲವೂ ಕುಕ್ಕತೊಡಗುತ್ತವೆ ಮತ್ತು ಆ ಕುಕ್ಕಾಟ ಸಾವಿನವರೆಗೂ ಹೋಗಬಹುದು.

ಪ್ರಶ್ನೆ: ನಮ್ಮ ಕೋಳಿಗಳ ಬೆನ್ನು ಮತ್ತು ಬಾಲದ ಬುಡದಲ್ಲಿ ಗರಿಗಳು ಕಿತ್ತುಹೋಗಿವೆ. ಜಗಳವಾಡಿದ್ದನ್ನು ಯಾರೂ ನೋಡಿಲ್ಲ. ಇದೂ ಮೇಲು-ಕೀಳಿನ ಹೋರಾಟವೇ?

ಉತ್ತರ: ಅಲ್ಲ. ಅಧಿಕಾರಕ್ಕಾಗಿ ಕುಕ್ಕುವ ಕೋಳಿ ತಲೆಗೆ ಗುರಿಯಿಡುತ್ತದೆ, ಕುಕ್ಕಿಸಿಕೊಂಡದ್ದು ಕಿರುಚಿ ಓಡುತ್ತದೆ. ನೀವು ಹೇಳುವ ಗರಿ ಕೀಳುವ ಚಟ ಸದ್ದಿಲ್ಲದೆ ನಡೆಯುತ್ತದೆ: ಒಂದು ಕೋಳಿ ಹಿಂದಿನಿಂದ ಬಂದು, ನೆಲದಲ್ಲಿ ಕಾಳು ಹುಡುಕುವ ಅದೇ ತಾಳ್ಮೆಯಿಂದ ಇನ್ನೊಂದರ ಗರಿಯನ್ನು ಎಳೆಯುತ್ತದೆ, ಕೆಲವೊಮ್ಮೆ ನುಂಗಿಯೂ ಬಿಡುತ್ತದೆ. ಕೆದಕಲು ನೆಲವಿಲ್ಲದಾಗ ಆ ಹಂಬಲ ಪಕ್ಕದ ಕೋಳಿಯ ಮೈಗೆ ತಿರುಗುತ್ತದೆ ಎಂಬುದೇ ಇದರ ಬಗೆಗಿನ ಪ್ರಮುಖ ವಿವರಣೆ. ಅಂಗಳದಲ್ಲಿ ಒಣ ಎಲೆ, ಹುಲ್ಲು ಹರಡಿ ಅದರೊಳಗೆ ಕಾಳು ಚೆಲ್ಲಿ. ಮಣ್ಣಿನಲ್ಲಿ ಹೊರಳಾಡಲು ಒಣ ಜಾಗವಿರಲಿ. ಮೇವಿನಲ್ಲಿ ಪ್ರೋಟೀನ್ ಕಡಿಮೆಯಾಗಿದೆಯೇ ಎಂದೂ ನೋಡಿ. ಹೇನು ಅಥವಾ ಉಣ್ಣೆ ಹತ್ತಿಲ್ಲವೆಂಬುದನ್ನು ಗರಿ ಬಿಡಿಸಿ ಖಚಿತಪಡಿಸಿಕೊಳ್ಳಿ. ಹುಂಜವಿದ್ದರೆ, ಅದು ಮೆಟ್ಟಿದಾಗ ಉಗುರು ತಾಗಿಯೂ ಬೆನ್ನು ಬೋಳಾಗುತ್ತದೆ.

ಪ್ರಶ್ನೆ: ಹುಂಜ ಕಾಳು ಸಿಕ್ಕಾಗ ತಾನು ತಿನ್ನದೆ "ಕೊಕ್ ಕೊಕ್" ಎಂದು ಹೇಂಟೆಗಳನ್ನು ಕರೆಯುತ್ತದೆ. ಕೆಲವು ಸಲ ಅಲ್ಲಿ ಏನೂ ಇರುವುದಿಲ್ಲ. ಇದು ಮೋಸವೇ?

ಉತ್ತರ: ಫಲ ನೋಡಿದರೆ ಮೋಸವೇ ಸರಿ, ಉದ್ದೇಶವಿತ್ತೋ ಇಲ್ಲವೋ ಎಂದು ಹುಂಜವನ್ನು ಕೇಳುವಂತಿಲ್ಲ. ಕಾಳನ್ನು ಎತ್ತಿ ಬೀಳಿಸುತ್ತ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಕರೆಯುವ ಹುಂಜದ ಕಡೆಗೆ ಹೇಂಟೆಗಳು ಒಲಿಯುತ್ತವೆ. ಬರಿಗೈ ಕರೆ ಹೆಚ್ಚಾಗಿ ಕೇಳಿಬರುವುದು ಹೇಂಟೆ ದೂರದಲ್ಲಿದ್ದಾಗ, ಅಂದರೆ ನೆಲದ ಮೇಲೆ ಏನಿದೆಯೆಂದು ಅದಕ್ಕೆ ಕಾಣದಿದ್ದಾಗ. ಎರಡು ಹುಂಜಗಳಿರುವ ಕಡೆ ಇನ್ನೂ ಸ್ವಾರಸ್ಯವಿದೆ: ದೊಡ್ಡ ಹುಂಜ ಗಮನಿಸುತ್ತಿರುವಾಗ ಕೆಳಗಿನ ಹುಂಜ ಬಾಯಿಬಿಡದೆ ಬರೀ ತಲೆಯಾಡಿಸಿ ಹೇಂಟೆಯನ್ನು ಕರೆಯುತ್ತದೆ, ಕೂಗಿದರೆ ಒದೆ ಬೀಳುತ್ತದೆಂದು ಅದಕ್ಕೆ ಗೊತ್ತಿದ್ದಂತೆ.

ಪ್ರಶ್ನೆ: ಹುಂಜವಿಲ್ಲದ ನಮ್ಮ ಗುಂಪಿನಲ್ಲಿ ಹಿರಿಯ ಹೇಂಟೆಯೊಂದು ಮೊಟ್ಟೆ ನಿಲ್ಲಿಸಿ ಹುಂಜದಂತೆ ಕೂಗಲು ಶುರುಮಾಡಿದೆ. ಇದು ಕಾಯಿಲೆಯೇ?

ಉತ್ತರ: ಹುಂಜವಿಲ್ಲದ ಗುಂಪಿನಲ್ಲಿ ಮೇಲಿನ ಹೇಂಟೆ ಒಮ್ಮೊಮ್ಮೆ ಕೂಗುವುದು, ಕಾವಲು ಕಾಯುವುದು ಉಂಟು, ಅದಕ್ಕೆ ಚಿಂತೆ ಬೇಡ. ಮೊಟ್ಟೆಯೂ ನಿಂತಿರುವುದರಿಂದ ಇನ್ನೊಂದು ಸಾಧ್ಯತೆಯನ್ನೂ ಗಮನಿಸಬೇಕು. ಹೇಂಟೆಯಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಗೆಡ್ಡೆಯಿಂದಲೋ ಸೋಂಕಿನಿಂದಲೋ ಅದು ಕೆಟ್ಟರೆ, ಬೆಳೆಯದೆ ಉಳಿದಿದ್ದ ಬಲಗಡೆಯ ಅಂಗ ಬೆಳೆದು ಗಂಡು ಹಾರ್ಮೋನು ಸ್ರವಿಸಬಹುದು. ಜುಟ್ಟು ದೊಡ್ಡದಾಗುತ್ತಿದ್ದರೆ, ಗರಿ ಬದಲಾದ ಮೇಲೆ ಹುಂಜದಂಥ ಬಾಲದ ಗರಿಗಳು ಮೂಡಿದರೆ ಪಶುವೈದ್ಯರಿಗೆ ತೋರಿಸಿ. ಗರಿ ಉದುರುವ ಕಾಲದಲ್ಲೂ ಮೊಟ್ಟೆ ನಿಲ್ಲುತ್ತದೆ, ಆದ್ದರಿಂದ ಗೂಡಿನಲ್ಲಿ ಉದುರಿದ ಗರಿಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ.